ಕಟ್ ಮಾಡಿದರೆ ಸಿಂಗಾಪುರ!

ಕದ್ರಿಯ ಮೂವರು ಹುಡುಗರು, ಒಬ್ಬ ಅಮ್ಮ, ಒಂದು ಚೀಟಿ, ಒಂದು ಹಡಗು...

ಸಿನಿಮಾದಲ್ಲಿ ಫಾರಿನ್ನಿಗೆ ಹೋಗೋದು ಎಷ್ಟು ಸುಲಭ ನೋಡಿ! ನಾಯಕ ಮನೆ ಬಾಗಿಲಲ್ಲಿ ತಾಯಿಯ ಕಾಲಿಗೆ ಬೀಳುತ್ತಾನೆ. ಕಟ್ ಮಾಡಿದರೆ ವಿಮಾನದ ರೆಕ್ಕೆ. ಮತ್ತೆ ಕಟ್ ಮಾಡಿದರೆ ಕೂಲಿಂಗ್ ಗ್ಲಾಸ್, ಸಮುದ್ರ ದಂಡೆ, ಡ್ಯುಯೆಟ್! ಆ ಎರಡು ಕಟ್‌ಗಳ ನಡುವೆ ಏನೇನು ನಡೆಯುತ್ತದೆ ಅನ್ನೋದನ್ನು ಮಾತ್ರ ಡೈರೆಕ್ಟರು ತೋರಿಸೋದಿಲ್ಲ. ಎರಡೂವರೆ ವರ್ಷದಿಂದ ನಾವು ಮೂವರು ಗೆಳೆಯರು ಆ ಕಟ್‌ನ ಒಳಗೇ ಸಿಕ್ಕಿಹಾಕಿಕೊಂಡಿದ್ದೇವೆ. ಅದರ ಕಥೆ ಕೇಳಿ.

ಹಡಗು ಬಂತು ಹಡಗು

ಮಂಗಳೂರಿನ ಬಿಜೈ ಬಸ್ ಸ್ಟ್ಯಾಂಡಿನಲ್ಲಿ ಇಳಿದು ರಿಕ್ಷಾ ಹತ್ತಿದರೆ ನಮ್ಮ ಕದ್ರಿ ಹತ್ತಿರವೇ. ಗುಡ್ಡದ ಬುಡದಲ್ಲಿ ಮಂಜುನಾಥ ಸ್ವಾಮಿ, ಮೇಲೆ ಜೋಗಿ ಮಠ, ಆಚೆ ಪಾರ್ಕು, ಆಕಾಶವಾಣಿ. ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದ್ದು, ಆಳುಪ ರಾಜ ಕುಂದವರ್ಮನ ಕಾಲದ್ದು. ಸಿನಿಮಾದವರಿಗೆ ಬೇರೆ ಗುರುತು ಹೇಳಲೇ? 1994ರ ತಮಿಳು ಚಿತ್ರ ‘ಡ್ಯುಯೆಟ್’ನಲ್ಲಿ ಎ.ಆರ್. ರೆಹಮಾನ್ ಸಂಗೀತಕ್ಕೆ ಸ್ಯಾಕ್ಸೋಫೋನ್ ಊದಿ ದೇಶವನ್ನೇ ತಿರುಗಿ ನೋಡುವಂತೆ ಮಾಡಿದ ಗೋಪಾಲನಾಥರು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡದ್ದು ಇದೇ ಕದ್ರಿಯನ್ನು!

ನಮ್ಮೂರಿಗೆ ಜನ ದೂರದಿಂದ ಬರೋದು ಹೊಸತಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಿಂದ ನಾಥ ಪಂಥದ ಜೋಗಿಗಳು ನಡೆದುಕೊಂಡೇ ಇಲ್ಲಿಗೆ ಬರುತ್ತಾರೆ. ಈಗ ಇನ್ನೊಂದು ಬಗೆಯ ಯಾತ್ರಿಕರೂ ಬರುತ್ತಾರೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೇ ಮೇಜರ್ ಬಂದರಾಯಿತು. ಅಲ್ಲಿಗೆ ಮಳೆಗಾಲ ಕಳೆದ ಮೇಲೆ ವಿದೇಶದ ಐಷಾರಾಮಿ ಪ್ರವಾಸಿ ಹಡಗುಗಳು ಬಂದು ನಿಲ್ಲುತ್ತವೆ. ಬೆಳಿಗ್ಗೆ ಇಳಿದವರು ಅಲೋಶಿಯಸ್ ಚಾಪೆಲ್, ಕುದ್ರೋಳಿ, ಗೇರುಬೀಜದ ಕಾರ್ಖಾನೆ, ಮಾರ್ಕೆಟ್ಟು, ನಮ್ಮ ಕದ್ರಿ ಎಲ್ಲ ನೋಡಿ ಸಂಜೆ ಹಡಗು ಹತ್ತುತ್ತಾರೆ. ಅವರಿಗೆ ನಾವೇ ಫಾರಿನ್!

ನಮ್ಮ ಮೂವರಲ್ಲಿ ಒಬ್ಬ ರಿಕ್ಷಾ ಓಡಿಸುತ್ತಾನೆ. ಇನ್ನೊಬ್ಬ ಮೊಬೈಲ್ ರಿಪೇರಿ. ನಾನು ಪ್ರಿಂಟಿಂಗ್ ಪ್ರೆಸ್ಸು. ಒಂದು ಸಂಜೆ ಕದ್ರಿ ಪಾರ್ಕಿನ ಬೆಂಚಿನಲ್ಲಿ ಚುರುಮುರಿ ತಿನ್ನುತ್ತಾ ಕೂತಿದ್ದಾಗ ರಿಕ್ಷಾದವ ಅಂದ: “ಹಡಗಿನವರನ್ನು ಎಷ್ಟು ಸಲ ಗೇಟಿನವರೆಗೆ ಬಿಟ್ಟು ಬಂದಿದ್ದೇನೆ ಗೊತ್ತುಂಟಾ? ಒಳಗೆ ಎಂತ ಉಂಟು ಅಂತ ಒಮ್ಮೆ ನೋಡಬೇಕು ಮಾರಾಯ.”

ಮೊಬೈಲಿನವನಿಗೆ ಬೇರೆ ಹುಚ್ಚು. ಸಣ್ಣವನಿದ್ದಾಗ ಇದೇ ಪಾರ್ಕಿನ ಪುಟಾಣಿ ರೈಲಿನಲ್ಲಿ ಕೂತು ಇಳಿಯೋದಿಲ್ಲ ಅಂತ ಹಠ ಮಾಡಿದವ. ಆ ಹಳೇ ರೈಲು ಮುದಿಯಾಗಿ ನಿಂತು, ವರ್ಷಗಟ್ಟಲೆ ಹಳಿ ಖಾಲಿ ಬಿದ್ದು, ಆಮೇಲೆ ಹೊಸದು ಬಂತು. ಇವನ ಹುಚ್ಚು ಮಾತ್ರ ನಿಲ್ಲಲಿಲ್ಲ. ಬಿಡದಿಯ ವಂಡರ್‌ಲಾ ನೋಡಿ ಆಯಿತು. ಈಗ ಸಿನಿಮಾ ಕಥೆಗಳನ್ನೇ ಆಟವಾಗಿ ಮಾಡಿಟ್ಟ ಯೂನಿವರ್ಸಲ್ ಸ್ಟುಡಿಯೋಸ್ ನೋಡಬೇಕಂತೆ!

ಹಡಗೋ, ಪಾರ್ಕೋ? ಜಗಳ ಶುರುವಾಯಿತು. ನಾನು ಮಧ್ಯಸ್ಥಿಕೆ ಮಾಡಿದೆ: ಎರಡೂ!

ಒಂದು ಟಿಕೆಟ್ಟಿಗೆ ಎರಡು ಸಿನಿಮಾ

ಪಾರ್ಕು ಮತ್ತು ಹಡಗು ಎರಡನ್ನೂ ಒಂದೇ ರಜೆಯಲ್ಲಿ ಹೊಲಿದು ಮಾರುವ ಬುದ್ಧಿ ಅಮೆರಿಕದವರದ್ದು. ವಾಲ್ಟ್ ಡಿಸ್ನಿಯ ಮೊದಲ ಪಾರ್ಕು ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆಯಿತು. ಫ್ಲಾರಿಡಾದ್ದು 1971ರಲ್ಲಿ. ಫ್ಲಾರಿಡಾದ ಪಾರ್ಕಿನಿಂದ ಸಮುದ್ರ ದೂರವಿಲ್ಲ. 1980ರ ದಶಕದಲ್ಲಿ ಪ್ರೀಮಿಯರ್ ಎಂಬ ಹಡಗು ಕಂಪನಿ ‘ಕೆಲವು ದಿನ ಪಾರ್ಕು, ಕೆಲವು ದಿನ ಬಹಾಮಾಸ್ ಯಾನ’ ಎಂದು ಕೆಂಪು ಹಡಗು ಓಡಿಸಿ ಚೆನ್ನಾಗಿ ದುಡ್ಡು ಮಾಡಿತು. ನೋಡಿ ನೋಡಿ ಡಿಸ್ನಿಯವರು 1998ರಲ್ಲಿ ‘ಡಿಸ್ನಿ ಮ್ಯಾಜಿಕ್’ ಎಂಬ ಸ್ವಂತ ಹಡಗನ್ನೇ ನೀರಿಗೆ ಇಳಿಸಿದರು.

ಆದರೆ ಅಮೆರಿಕ ನಮ್ಮ ಜೇಬಿಗೆ ಆಗುವ ಮಾತಲ್ಲ. ನಮಗೆ ಸರಿಹೊಂದೋದು ಸಿಂಗಾಪುರ. ಯಾಕೆ ಅಂದರೆ, ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸು, ಅಷ್ಟೇ. ಸೆಂಟೋಸಾ ದ್ವೀಪದಲ್ಲಿ 2010ರಿಂದ ಯೂನಿವರ್ಸಲ್ ಸ್ಟುಡಿಯೋಸ್ ಉಂಟು. ಮಮ್ಮಿ, ಶ್ರೆಕ್, ಟ್ರಾನ್ಸ್‌ಫಾರ್ಮರ್ಸ್, 2025ರಲ್ಲಿ ಸೇರಿದ ಮಿನಿಯನ್ಸ್ ಹೀಗೆ ಎಲ್ಲ ಸಿನಿಮಾದವೇ. ದೊಡ್ಡ ಹಡಗುಗಳು ನಿಲ್ಲುವ ಮರೀನಾ ಬೇ ಟರ್ಮಿನಲ್ಲೂ ಅದೇ ಊರಿನಲ್ಲಿ. ‘ಗೆಂಟಿಂಗ್ ಡ್ರೀಮ್’ ಹಡಗು 2022ರ ಜೂನ್‌ನಿಂದ ಅಲ್ಲಿಂದ ಹೊರಟು ಎರಡು-ಮೂರು ರಾತ್ರಿಯ ಯಾನ ಮಾಡತೊಡಗಿತು. 335 ಮೀಟರ್ ಉದ್ದ. ಒಂದೂವರೆ ಫರ್ಲಾಂಗಿಗೂ ಜಾಸ್ತಿ! ಆರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ‘ಡಿಸ್ನಿ ಅಡ್ವೆಂಚರ್’ಗೂ ಸಿಂಗಾಪುರವೇ ತವರು ಬಂದರು. ಅದರ ಮೊದಲ ಯಾನ 2025ರ ಡಿಸೆಂಬರ್ ಅಂದಿದ್ದು 2026ರ ಮಾರ್ಚ್‌ಗೆ ಹೋಯಿತು. ಥೇಟ್ ನಮ್ಮ ಸಿನಿಮಾಗಳ ರಿಲೀಸ್ ಡೇಟ್ ಇದ್ದ ಹಾಗೆ!

ಸರಿ, ಚೀಟಿ ಶುರು ಮಾಡಿದೆವು. ತಲೆಗೆ ತಿಂಗಳಿಗೆ ನಾಲ್ಕು ಸಾವಿರ, ಮೂವತ್ತು ತಿಂಗಳು. ಮೂವರದ್ದು ಸೇರಿ ಮೂರು ಲಕ್ಷದ ಅರವತ್ತು ಸಾವಿರ.

ವೈಪರ್ ಕೆಳಗಿನ ನೋಟೀಸು

ಹತ್ತನೇ ತಿಂಗಳಿನಲ್ಲಿ ವಿಲನ್ ಎಂಟ್ರಿ! ಗೆಳೆಯನ ರಿಕ್ಷಾದ ವೈಪರ್ ಕೆಳಗೆ ಬಣ್ಣದ ನೋಟೀಸು: ಪಾರ್ಕು, ಹಡಗು, ಎರಡು ದೇಶ, ಎಲ್ಲಾ ಸೇರಿ ನಂಬಲಾಗದ ರೇಟು. ಏಜೆಂಟನ ಹೆಸರು ಬೇಡ, ಅಂಗಡಿ ಈಗ ಬಾಗಿಲು ಹಾಕಿದೆ. ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟೆವು. ಆಮೇಲೆ ಒಂದೊಂದೇ ರೀಲು ಬಿಚ್ಚಿತು. ವಿಮಾನದ ಟಿಕೆಟ್ ಬೇರೆಯಂತೆ. ಬಂದರು ಶುಲ್ಕ ಬೇರೆಯಂತೆ. ಹಡಗಿನ ಕೆಲಸದವರ ಭಕ್ಷೀಸು ದಿನಕ್ಕೆ, ತಲೆಗೆ ಇಷ್ಟು ಅಂತ ಬೇರೆಯಂತೆ. ವೀಸಾ ಬೇರೆ, ಪಾರ್ಕಿನ ಟಿಕೆಟ್ಟೂ ಬೇರೆ! ಮತ್ತೆ ‘ಎಲ್ಲಾ ಸೇರಿ’ ಅಂದದ್ದು ಏನನ್ನು ಸ್ವಾಮಿ? ದುಡ್ಡು ವಾಪಸ್ ಕೇಳಿದರೆ ಫೋನೇ ಎತ್ತಲಿಲ್ಲ.

ಹದಿನೈದು ಸಾವಿರ ಫೀಸು ಕೊಟ್ಟು ಕಲಿತ ಪಾಠ ನಿಮಗೆ ಪುಕ್ಕಟೆ ಹೇಳುತ್ತೇನೆ. ರೇಟು ಕೇಳಬೇಡಿ, ಏನೇನು ಸೇರಿಲ್ಲ ಅಂತ ಕೇಳಿ, ಬರೆಸಿಕೊಳ್ಳಿ. ಹಡಗಿನಲ್ಲಿ ಸಾಮಾನ್ಯ ಊಟ ಟಿಕೆಟ್ಟಿನಲ್ಲೇ ಬರುತ್ತದೆ. ಸ್ಪೆಷಲ್ ಹೋಟೆಲು, ಬಾಟಲಿ, ಇಂಟರ್‌ನೆಟ್ಟು ಎಲ್ಲಕ್ಕೂ ಬೇರೆ ಬಿಲ್ಲು. ಫಾರಿನ್ ಪ್ಯಾಕೇಜಿಗೆ ಟಿ.ಸಿ.ಎಸ್. ಅಂತ ತೆರಿಗೆ ಹಿಡಿಯುತ್ತಾರೆ. ರಸೀದಿ ಇಟ್ಟುಕೊಂಡು ಆದಾಯ ತೆರಿಗೆ ರಿಟರ್ನ್ ಹಾಕಿದರೆ ಅದು ನಿಮ್ಮ ಲೆಕ್ಕಕ್ಕೆ ಜಮೆ.

ರಾಜಾಕುಳ್ಳನ ಸಿಂಗಾಪುರ

ದುಡ್ಡು ಹೋದ ದಿನ ಮೂವರೂ ಮುಖ ಸಪ್ಪೆ ಮಾಡಿಕೊಂಡು ರಿಕ್ಷಾದವನ ಮನೆ ಜಗಲಿಯಲ್ಲಿ ಕೂತಿದ್ದೆವು. ಅವನ ಅಮ್ಮ ದೇವಸ್ಥಾನದ ಹತ್ತಿರ ಮಲ್ಲಿಗೆ ಮಾರುತ್ತಾರೆ. ಚಾ ತಂದಿಟ್ಟು ಕೇಳಿದರು: “ಎಂತ ಮಕ್ಕಳೇ, ಯಾವ ಊರಿಗೆ ಹೊರಟದ್ದು ನೀವು?”

“ಸಿಂಗಾಪುರ ಅಮ್ಮ.”

ಅಮ್ಮ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ನಕ್ಕರು. “ನಿನ್ನ ಅಪ್ಪ ನನಗೆ ತೋರಿಸ್ತೇನೆ ಅಂದ ಊರು ಅದು!”

ಅವನ ಅಪ್ಪ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಯಲ್ಲಿ ಕಲಾಸಿ ಆಗಿದ್ದವರು. ವಿಷ್ಣುವರ್ಧನ್ ಅಂದರೆ ಪ್ರಾಣ. 1978ರಲ್ಲಿ ದ್ವಾರಕೀಶ್ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ತೆಗೆದರಲ್ಲ, ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರವೆಂದು ಹೆಸರಾದದ್ದು? ಸಿ.ವಿ. ರಾಜೇಂದ್ರನ್ ನಿರ್ದೇಶನ, ವಿಷ್ಣು-ದ್ವಾರಕೀಶ್ ಜೋಡಿ. ಅದನ್ನು ಹುಡುಗನಾಗಿದ್ದಾಗ ಎಷ್ಟು ಸಲ ನೋಡಿದ್ದರೋ! ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದರಂತೆ: “ಒಂದು ದಿನ ದೊಡ್ಡ ಹಡಗಿನಲ್ಲಿ ನಿನ್ನನ್ನೂ ಕರ್ಕೊಂಡು ಹೋಗ್ತೇನೆ.” ಮಾತು ಉಳಿಯಿತು, ಅವರು ಉಳಿಯಲಿಲ್ಲ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ಮನೆಯಲ್ಲಿ ಒಲೆ ಹಚ್ಚಲು ಬಿಡದಿದ್ದ ಮನುಷ್ಯ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾನೂ ಹೋದರು.

ಮರುದಿನ ರಿಕ್ಷಾದವ ಪಾರ್ಕಿಗೆ ಬಂದು ನಿಂತೇ ಹೇಳಿದ: “ನಾನು ಬಿಡ್ತೇನೆ. ನನ್ನ ಸೀಟಿನಲ್ಲಿ ಅಮ್ಮ ಹೋಗಲಿ.”

ಬಾಲ್ಕನಿಯೋ, ಗಾಂಧಿ ಕ್ಲಾಸೋ?

ಹಡಗಿನ ಆಸೆ ಮೊದಲು ಹೊತ್ತಿಸಿದವನೇ ಅವನು. ಅವನನ್ನು ಬಿಟ್ಟು ಹೋಗೋದುಂಟಾ? ನಾನು ಕಾಗದ, ಪೆನ್ನು ಹಿಡಿದೆ. ಹೋದದ್ದು ಹೋಗಿ ಚೀಟಿ ಮುಗಿದಾಗ ಉಳಿಯೋದು ಮೂರು ಲಕ್ಷದ ನಲವತ್ತೈದು ಸಾವಿರ. ಮೂವರಾದರೆ ತಲಾ ಒಂದು ಲಕ್ಷದ ಹದಿನೈದು ಸಾವಿರ. ನಾಲ್ವರಾದರೆ ತಲಾ ಎಂಬತ್ತಾರು ಸಾವಿರ ಚಿಲ್ಲರೆ. ಹಾಗಾದರೆ ಎಲ್ಲಿ ಕತ್ತರಿ ಹಾಕೋದು?

ಹಡಗಿನ ಕೋಣೆಗಳಲ್ಲಿ ಮೂರು ತರಗತಿ ಇರುತ್ತವೆ. ಕಿಟಕಿಯೇ ಇಲ್ಲದ ಒಳಕೋಣೆ, ಕಿಟಕಿ ಇರುವ ಕೋಣೆ, ಸ್ವಂತ ಬಾಲ್ಕನಿ ಇರುವ ಕೋಣೆ. ಬಾಲ್ಕನಿ ನಮ್ಮ ಮೊಬೈಲಿನವನ ಕನಸು. ಕೂಲಿಂಗ್ ಗ್ಲಾಸ್ ಹಾಕಿ ಅಲ್ಲಿ ನಿಂತು ಫೋಟೋ ತೆಗೆಸಲು ಎರಡು ವರ್ಷದಿಂದ ಪೋಸ್ ಪ್ರಾಕ್ಟೀಸ್ ಮಾಡುತ್ತಿದ್ದ! ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವನೇ ಕಾಗದ ಎಳೆದುಕೊಂಡು ‘ಬಾಲ್ಕನಿ’ ಅಂತ ಬರೆದಿದ್ದ ಕಡೆ ಗೀಟು ಹಾಕಿದ.

“ಟಾಕೀಸಿನಲ್ಲಿ ನಾವು ಯಾವತ್ತು ಬಾಲ್ಕನಿಯಲ್ಲಿ ಕೂತದ್ದು ಮಾರಾಯ? ಗಾಂಧಿ ಕ್ಲಾಸಿನವನಿಗೂ ಪರದೆ ಅದೇ ಅಲ್ವಾ? ಸಮುದ್ರ ನೋಡ್ಲಿಕ್ಕೆ ಮೇಲೆ ಡೆಕ್ ಉಂಟು, ಅದಕ್ಕೆ ಟಿಕೆಟ್ ಇಲ್ಲ. ಎರಡು ಒಳಕೋಣೆ ಮಾಡು.”

ಮಿತ್ರರೇ, ಪರದೆ ಮೇಲೆ ಎಷ್ಟೋ ತ್ಯಾಗದ ಸೀನು ನೋಡಿ ಕಣ್ಣೊರೆಸಿಕೊಂಡಿದ್ದೇನೆ. ಆ ಗೀಟಿನ ಮುಂದೆ ಅವೆಲ್ಲ ಸಣ್ಣವು.

ಅಮ್ಮನ ಹುಟ್ಟಿದ ದಿನ

ಇನ್ನು ಪಾಸ್‌ಪೋರ್ಟು. ನಮಗೆ ಮೂವರಿಗೆ ಸಲೀಸು. ಮಂಗಳೂರಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಉಂಟು. ಆನ್‌ಲೈನಿನಲ್ಲಿ ಅರ್ಜಿ, ಸಾವಿರದ ಐನೂರು ರೂಪಾಯಿ ಫೀಸು, ಹೇಳಿದ ದಿನ ಕಾಗದ ತೋರಿಸಿ, ಪೊಲೀಸ್ ವಿಚಾರಣೆ ಮುಗಿದರೆ ಅಂಚೆಯಲ್ಲಿ ಪುಸ್ತಕ ಮನೆಗೆ. ಅಮ್ಮನದ್ದು ಮಾತ್ರ ಆರು ತಿಂಗಳ ಧಾರಾವಾಹಿ. ಆಧಾರಿನಲ್ಲಿ ಒಂದು ವರ್ಷ, ವೋಟರ್ ಕಾರ್ಡಿನಲ್ಲಿ ಇನ್ನೊಂದು! “ಜೋರು ಮಳೆಯ ದಿನ ಹುಟ್ಟಿದ್ದು” ಅನ್ನೋದಷ್ಟೇ ಅಮ್ಮನಿಗೆ ಗೊತ್ತು. ಕೊನೆಗೆ ಅವರು ನಾಲ್ಕನೇ ಕ್ಲಾಸು ಓದಿದ ಶಾಲೆಗೆ ಹೋಗಿ, ಹಳೇ ದಾಖಲಾತಿ ಪುಸ್ತಕದಲ್ಲಿ ಹೆಸರು ಹುಡುಕಿಸಿ, ಅದರ ಪ್ರಕಾರ ಆಧಾರ್ ತಿದ್ದಿಸಿ ಅರ್ಜಿ ಹಾಕಿದ್ದಾಯಿತು. ನಿಮ್ಮ ಮನೆಯ ಹಿರಿಯರನ್ನು ಕರೆದೊಯ್ಯುವ ಆಸೆ ಇದ್ದರೆ ಮೊದಲು ಈ ಕೆಲಸ ಮಾಡಿ, ಟಿಕೆಟ್ಟು ಆಮೇಲೆ.

ನಮ್ಮ ಪ್ಲ್ಯಾನು

ಬರುವ ಫೆಬ್ರವರಿ ಗೊತ್ತು ಮಾಡಿದ್ದೇವೆ. ನವೆಂಬರಿನಿಂದ ಜನವರಿವರೆಗೆ ಅಲ್ಲಿ ಮಳೆ ಜಾಸ್ತಿ. ಜೂನ್, ಡಿಸೆಂಬರಿನಲ್ಲಿ ಶಾಲೆ ರಜೆಯ ಜಾತ್ರೆ. ನಮ್ಮ ಶಿರಾಡಿ ಘಾಟಿಯೂ ಫೆಬ್ರವರಿಯಲ್ಲಿ ಕುಸಿಯೋದಿಲ್ಲ. ಬಿಜೈಯಿಂದ ರಾತ್ರಿ ಬಸ್ಸು, ಬೆಂಗಳೂರು, ವಿಮಾನ.

ಮೊದಲು ಎರಡು ರಾತ್ರಿ ಊರೊಳಗೆ, ವಾರದ ನಡುವಿನ ದಿನ ಪಾರ್ಕು. ಆಮೇಲೆ ಮೂರು ರಾತ್ರಿ ಹಡಗು. ಈ ಕ್ರಮ ತಿರುಗಿಸಬೇಡಿ. ವಿಮಾನ ಇಳಿದ ದಿನವೇ ಹಡಗು ಹತ್ತುವ ಸಾಹಸವಂತೂ ಬೇಡವೇ ಬೇಡ. ವಿಮಾನ ತಡವಾದರೆ ಹಡಗು ಕಾಯೋದಿಲ್ಲ; ಅದೇನು “ಹೋಲ್ಡಾನ್” ಅಂದರೆ ನಿಲ್ಲುವ ಸಿಟಿ ಬಸ್ಸಲ್ಲ.

ಹಡಗು ಮಲೇಷ್ಯಾ ಮುಟ್ಟಿ ಮತ್ತೆ ಸಿಂಗಾಪುರಕ್ಕೆ ಬರುತ್ತದೆ. ಅಂದರೆ ನೀವು ಸಿಂಗಾಪುರದ ಒಳಗೆ ಎರಡು ಸಲ ಬಂದ ಲೆಕ್ಕ. ವೀಸಾದಲ್ಲಿ ಅದಕ್ಕೆ ಒಪ್ಪಿಗೆ ಇದೆಯೇ ನೋಡಿಕೊಳ್ಳಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರನ್ನು 30 ದಿನ ವೀಸಾ ಇಲ್ಲದೆ ಬಿಡತೊಡಗಿತು. ಈ ಸೌಲಭ್ಯಕ್ಕೆ ಗಡುವು ಇರುವುದರಿಂದ ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿ. ಸಿಂಗಾಪುರಕ್ಕೆ ಇಳಿಯುವ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನ ಕಾರ್ಡು ತುಂಬಬೇಕು. ಅದಕ್ಕೆ ಫೀಸಿಲ್ಲ, ಯಾರಾದರೂ ಫೀಸು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಲಿ. ಚ್ಯೂಯಿಂಗ್ ಗಮ್, ಇ-ಸಿಗರೇಟ್, ಜಗಿಯುವ ಹೊಗೆಸೊಪ್ಪು ಯಾವುದೂ ಆ ಊರಿಗೆ ತರುವಂತಿಲ್ಲ. ಇದನ್ನು ಕೇಳಿ ಎಲೆಅಡಿಕೆ ಪ್ರಿಯೆ ಅಮ್ಮ ಮಾತ್ರ ಸ್ವಲ್ಪ ಬೇಸರ ಮಾಡಿಕೊಂಡರು.

ಕಳೆದ ಸೀಸನ್ನಿನಲ್ಲಿ ಹಡಗೊಂದು ಬಂದಿತ್ತು. ನರೆತ ಕೂದಲಿನ ವಿದೇಶಿ ಅಜ್ಜಿಯೊಬ್ಬರು ಅಮ್ಮನ ಬುಟ್ಟಿಯ ಹತ್ತಿರ ನಿಂತು ಒಂದು ಚೆಂಡು ಮಲ್ಲಿಗೆ ಕೊಂಡರು. ಅಮ್ಮ ಮಗನನ್ನು ಕರೆದು, “ಒಳಗೆ ಹೊಟ್ಟೆ ತೊಳಸ್ತದಾ ಕೇಳು” ಅಂದರು. ಅವನು ತನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದ. ಅಜ್ಜಿ ಕೈಯನ್ನು ತೊಟ್ಟಿಲಿನ ಹಾಗೆ ಮೆಲ್ಲಗೆ ತೂಗಿ ತೋರಿಸಿ, ಕಣ್ಣು ಮುಚ್ಚಿ ನಿದ್ದೆ ಮಾಡುವ ಅಭಿನಯ ಮಾಡಿದರು. ಇಬ್ಬರೂ ನಕ್ಕರು.

“ಹಾಗಾದರೆ ತೊಂದರೆ ಇಲ್ಲ, ಹೋಗುವ” ಅಂದರು ಅಮ್ಮ.

ನಾಲ್ಕು ಪಾಸ್‌ಪೋರ್ಟುಗಳು ಈಗ ಅವರ ಮನೆಯ ದೇವರ ಕೋಣೆಯಲ್ಲಿ ಉಂಟು. ಪಕ್ಕದಲ್ಲೇ ಅಪ್ಪನ ಫೋಟೋ. ಚೀಟಿಯ ಕೊನೆಯ ಕಂತು ಮುಂದಿನ ತಿಂಗಳು. ಅದು ಕಟ್ಟಿದ ಮೇಲೆ... ಕಟ್ ಮಾಡಿದರೆ ಸಿಂಗಾಪುರ!