ಹೇನೂ ಜೇನೂ

ಹೇನು, ಜೇನು ಎಂಬ ಶಬ್ದಗಳಿಗಿರುವ ಅಂತರವು ಮೊದಲಿನ ಅಕ್ಷರವೊಂದೇ. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಬಾಲಕರಿಗೆ ಅಕ್ಷರಶುದ್ಧಿಯನ್ನು ಬೋಧಿಸಿದ ನಾನು ಈ ಒಂದಕ್ಷರದ ಭೇದವನ್ನು ಗಣಿಸದೆ, ಒಂದನ್ನು ಕೊಲ್ಲಹೋಗಿ ಮತ್ತೊಂದನ್ನು ಕೊಂದೆನು. ಆ ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಅವರ ಮನೆಗಳ ಹಿತ್ತಿಲಲ್ಲಿಯೂ ನಾಲ್ಕು ಗಿಡಗಳಿರಬಹುದಾದುದರಿಂದ, ನನ್ನ ಅನುಭವವು ಅವರ ಉಪಯೋಗಕ್ಕೆ ಬಂದರೂ ಬರಬಹುದು.

ವೃತ್ತಿಯಿಂದ ನಿವೃತ್ತನಾದ ತರುವಾಯ ನಾನು ಕಂಪ್ಲಿಯ ನಮ್ಮ ಮನೆಯ ಹಿತ್ತಿಲನ್ನೇ ಹೊಸ ಪಾಠಶಾಲೆಯನ್ನಾಗಿ ಮಾಡಿಕೊಂಡೆನು. ನಮ್ಮದು ತುಂಗಭದ್ರೆಯ ದಡದ ಊರು. ವಿಜಯನಗರದ ಅರಸರ ಕಾಲದ ಕಾಲುವೆಯ ನೀರನ್ನುಂಡು ಬೆಳೆದ ಸೀಮೆ. ಸುತ್ತಲೂ ಬತ್ತ, ಕಬ್ಬು, ಬಾಳೆ. ಇಂತಹ ಮಣ್ಣಿನಲ್ಲಿ ಕಡ್ಡಿಯನ್ನೂರಿದರೂ ಚಿಗುರುವುದು. ಒಂದು ಅವರೆಯ ಚಪ್ಪರ, ಅದರ ಪಕ್ಕದಲ್ಲಿ ಕುಂಬಳದ ಬಳ್ಳಿ, ಪೂಜೆಗೆ ದಾಸವಾಳ, ಮೂಲೆಯಲ್ಲೊಂದು ದಾಳಿಂಬೆ. ಇಷ್ಟೇ ನಮ್ಮ ಸಂಪತ್ತು. ಆ ದಾಳಿಂಬೆಯ ಕೊಂಬೆಯಲ್ಲಿ ವರುಷವರುಷವೂ ಕೋಲುಜೇನಿನ ಸಂಸಾರವೊಂದು ಬಂದು ಅಂಗೈಯಗಲದ ಹುಟ್ಟನ್ನು ಕಟ್ಟುತ್ತಿದ್ದಿತು. ನನ್ನ ಗೃಹಿಣಿಯು ಅದರ ತುಪ್ಪಕ್ಕೆ ಕೈಹಾಕಲು ಯಾರನ್ನೂ ಬಿಟ್ಟವಳಲ್ಲ.

ಎರಡು ವರುಷಗಳ ಹಿಂದೆ ಮಾರ್ಗಶಿರ ಮಾಸದಲ್ಲಿ ಅವರೆಯ ಕುಡಿಗಳೆಲ್ಲವೂ ಕಾಡಿಗೆ ಬಳಿದಂತೆ ಕಪ್ಪಾದುವು. ಬಳಿಗೆ ಹೋಗಿ ನೋಡಲು, ಎಳ್ಳಿಗಿಂತಲೂ ಸಣ್ಣದಾದ ಕರಿಯ ಹೇನುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಎಳೆಯ ಕಾಂಡಕ್ಕೆ ಕೊಂಡಿಯನ್ನೂರಿ ರಸವನ್ನು ಹೀರುತ್ತಿದ್ದುವು. ಅವು ವಿಸರ್ಜಿಸುವ ಸಿಹಿಯಾದ ಅಂಟು ಎಲೆಗಳ ಮೇಲೆಲ್ಲ ಹರಡಿದ್ದಿತು. ಅದನ್ನು ನೆಕ್ಕಲು ಇರುವೆಗಳು ಸಾಲುಗಟ್ಟಿದ್ದುವು. ಈ ಹೇನುಗಳ ವಂಶವೃದ್ಧಿಯು ಆಶ್ಚರ್ಯಕರವಾದುದು. ಗಂಡಿನ ಸಂಗವಿಲ್ಲದೆಯೇ ತಾಯಿಯು ಮರಿಗಳನ್ನು ಹೆರುವುದು. ಆ ಮರಿಯು ವಾರವೊಂದು ಕಳೆಯುವಷ್ಟರಲ್ಲಿ ತಾನೇ ತಾಯಿಯಾಗುವುದು.

ಗಾಬರಿಗೊಂಡ ನಾನು ಇಮಿಡಾಕ್ಲೋಪ್ರಿಡ್ ಎಂಬ ಔಷಧದ ಸೀಸೆಯನ್ನು ತಂದೆನು. ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಶಿಷ್ಯರು ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು. ಬೆಳಗಿನ ಪೂಜೆಯನ್ನು ಮುಗಿಸಿ, ಹೂಗಳೆಲ್ಲ ಅರಳಿ ನಿಂತ ಹೊತ್ತಿನಲ್ಲಿ, ಅವರೆಗೂ ಕುಂಬಳಕ್ಕೂ ತೋಯುವಂತೆ ಸಿಂಪಡಿಸಿದೆನು. ಹೇನುಗಳೇನೋ ಸತ್ತುವು. ಆದರೆ ಸಂಜೆಯ ವೇಳೆಗೆ ದಾಳಿಂಬೆಯ ಬುಡದಲ್ಲಿ ಜೇನುನೊಣಗಳು ಹಾರಲಾರದೆ ನಡುಗುತ್ತ ಹರಿದಾಡುತ್ತಿದ್ದುವು. ಮೂರನೆಯ ದಿನ ಹುಟ್ಟು ಬರಿದಾಗಿದ್ದಿತು. ಈ ಔಷಧವು ಎಲೆಯ ಮೇಲೆಯೇ ನಿಲ್ಲತಕ್ಕುದಲ್ಲ; ಗಿಡದ ರಸವನ್ನು ಸೇರಿ, ಹೂವಿನ ಮಕರಂದಕ್ಕೂ ಪರಾಗಕ್ಕೂ ಏರುವುದು. ಈ ಜಾತಿಯ ಮೂರು ಔಷಧಗಳನ್ನು ಬಯಲಿನ ಬೆಳೆಗಳಿಗೆ ಬಳಸಕೂಡದೆಂದು ಐರೋಪ್ಯ ಒಕ್ಕೂಟವು 2018ರಲ್ಲಿಯೇ ನಿಷೇಧಿಸಿದೆಯೆಂದು ಆಮೇಲೆ ತಿಳಿದೆನು.

ಮುಂದಿನ ದಿನಗಳಲ್ಲಿ ಕುಂಬಳದ ಮಿಡಿಗಳು ಹಳದಿಯಾಗಿ ಒಂದೊಂದಾಗಿ ಉದುರತೊಡಗಿದುವು. "ಹೂವೇನೋ ಬೇಕಾದಷ್ಟು ಬಿಡುತ್ತವೆ, ಆದರೆ ಬರುವವರೇ ಇಲ್ಲವಲ್ಲರೀ" ಎಂದಳು ನನ್ನಾಕೆ. ಅದಕ್ಕಿಂತ ಹೆಚ್ಚಿನ ಮಾತನ್ನು ಆಕೆ ಆಡಲಿಲ್ಲ. ಕುಂಬಳದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ನಸುಕಿನಲ್ಲಿ ಅರಳಿದ ಹೂವು ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವುದು. ಪ್ರಾಯಶ್ಚಿತ್ತವೆಂದು ಭಾವಿಸಿ, ನಾನೇ ಪ್ರತಿದಿನವೂ ಮುಂಜಾನೆಯೆದ್ದು ಗಂಡುಹೂವನ್ನು ಕಿತ್ತು, ಅದರ ಪರಾಗವನ್ನು ಹೆಣ್ಣುಹೂವಿಗೆ ಸವರಿದೆನು. ಬೆನ್ನು ಬಗ್ಗಿಸಿ ಹದಿನೈದು ದಿನ ದುಡಿದುದಕ್ಕೆ ನಿಂತುವು ಎರಡು ಕಾಯಿಗಳು. ಸಂಬಳವಿಲ್ಲದೆ ನಮ್ಮ ಮನೆಯಲ್ಲಿ ದುಡಿಯುತ್ತಿದ್ದವರು ಯಾರೆಂಬುದು ಅಂದು ನನಗೆ ಅರಿವಾಯಿತು.

ಮರುವರುಷ ಹೇನುಗಳು ಮತ್ತೆ ಬಂದುವು. ಈ ಸಲ ಔಷಧವನ್ನು ಮುಟ್ಟಲಿಲ್ಲ. ಆದರೆ ಕುಡಿಗಳ ಮೇಲೆ ಸಣ್ಣ ಮೊಸಳೆಯ ಆಕಾರದ, ಕರಿಯ ಮೈಮೇಲೆ ಕಿತ್ತಳೆಬಣ್ಣದ ಮಚ್ಚೆಗಳುಳ್ಳ ಹುಳುಗಳನ್ನು ಕಂಡು, ಇವೂ ಶತ್ರುಗಳೇ ಎಂದು ಕಡ್ಡಿಯಿಂದ ಒರಸುತ್ತಿದ್ದೆನು. ಆ ವೇಳೆಗೆ ಕಬ್ಬಿನ ಬೇಸಾಯಗಾರನಾದ ನನ್ನ ಹಳೆಯ ಶಿಷ್ಯನೊಬ್ಬನು ಬಂದವನು, "ಅಯ್ಯೋ, ಬಿಡ್ರಿ ಮೇಷ್ಟ್ರೇ! ಅದು ಗುಲಗಂಜಿ ಹುಳದ ಮರಿ ರೀ. ಹೇನು ತಿನ್ನೋದ ಅದು. ನೀವು ಕಾವಲುಗಾರನ್ನ ಹೊಡದು ಕಳ್ಳನ್ನ ಉಳಿಸಾಕ ಹತ್ತೀರಿ" ಎಂದನು. ಕೆಂಪು ಬೆನ್ನಿನ ಮೇಲೆ ಕಪ್ಪು ಗುರುತುಗಳುಳ್ಳ ಗುಲಗಂಜಿ ಹುಳುವನ್ನು ನಾನು ಬಲ್ಲೆನು. ಅದರ ಶೈಶವವನ್ನು ಅರಿತವನಲ್ಲ.

ಅವನೇ ಕಬ್ಬಿನ ಕಥೆಯನ್ನೂ ಹೇಳಿದನು. 2002ರಲ್ಲಿ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿಗೆ ಬಿಳಿಯ ಉಣ್ಣೆಹೇನು ಬಿದ್ದಿತು. ಆಳೆತ್ತರದ ಕಬ್ಬಿನೊಳಗೆ ಹೊಕ್ಕು ಔಷಧ ಹೊಡೆಯುವುದು ದುಸ್ಸಾಧ್ಯ. ಡೈಫಾ ಎಂಬ ಪತಂಗದ ಮರಿಹುಳುವೂ, ಮೈಕ್ರೋಮಸ್ ಎಂಬ ಕಂದುರೆಕ್ಕೆಯ ಕೀಟವೂ ಆ ಹೇನನ್ನು ತಿಂದು ಬೆಳೆಯುವುದನ್ನು ವಿಜ್ಞಾನಿಗಳು ಕಂಡು, ಅವನ್ನು ಸಾಕಿ ಹೊಲಗಳಿಗೆ ಬಿಡಿಸಿದರು. ಕೆಲವೇ ವರುಷಗಳಲ್ಲಿ ಹೇನಿನ ಹಾವಳಿಯು ಇಳಿದುಹೋಯಿತು.

ಋಣ, ಅಗ್ನಿ, ಶತ್ರು, ಇವುಗಳ ಶೇಷವನ್ನು ಉಳಿಸಕೂಡದೆಂಬ ನೀತಿಯನ್ನು ನಾನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು. ರಾಜನೀತಿಗೆ ಅದು ಸರಿಯಿರಬಹುದು, ಹಿತ್ತಿಲಿಗೆ ಸಲ್ಲದು. ಹೇನು ನಿಶ್ಶೇಷವಾದರೆ ಗುಲಗಂಜಿಗೆ ಆಹಾರವಿಲ್ಲ. ಗುಲಗಂಜಿಯು ತೊಲಗಿದ ಮೇಲೆ ಮರಳಿ ಬರುವ ಹೇನಿಗೆ ತಡೆಯಿಲ್ಲ. ಆದುದರಿಂದ ಶತ್ರುವಿನಲ್ಲಿ ಕೊಂಚ ಶೇಷವನ್ನು ಉಳಿಸುವುದೇ ತೋಟದ ನೀತಿ. ಗಿಡಗಳಿಗೂ ಚಿಕಿತ್ಸೆಯುಂಟೆಂದು ಸುರಪಾಲನು ವೃಕ್ಷಾಯುರ್ವೇದದಲ್ಲಿಯೂ, ನಮ್ಮ ಕನ್ನಡದ ಇಮ್ಮಡಿ ಚಾವುಂಡರಾಯನು ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿಯೂ ಹೇಳಿರುವರು. ಚಿಕಿತ್ಸೆಯೆಂದ ಮೇಲೆ ಮೊದಲು ರೋಗಿಯನ್ನು ನೋಡಬೇಕು, ಆಮೇಲೆ ಮದ್ದನ್ನು.

ಈಗ ನಾನು ನಡೆಸುತ್ತಿರುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಹೇನು ಕಂಡೊಡನೆ ಎಲೆಯ ಅಡಿಯ ಭಾಗಕ್ಕೆ ರಭಸವಾಗಿ ನೀರು ಬಿಡುವುದು; ಕೆಳಗೆ ಬಿದ್ದವುಗಳಲ್ಲಿ ಬಹುಪಾಲು ಮರಳಿ ಏರಲಾರವು. ತೀರ ಮುತ್ತಿದ ಕುಡಿಗಳನ್ನು ಚಿವುಟಿ ತೆಗೆಯುವುದು. ಚಪ್ಪರದ ಗೂಟಗಳಿಗೆ ಗ್ರೀಸನ್ನು ಬಳಿದು ಇರುವೆಗಳನ್ನು ತಡೆಯುವುದು. ಏಕೆಂದರೆ ಸಿಹಿಯ ಆಸೆಗೆ ಅವು ಗುಲಗಂಜಿಯನ್ನು ಅಟ್ಟಿ ಹೇನನ್ನು ಕಾಯುವುವು. ಇಷ್ಟಕ್ಕೂ ಬಗ್ಗದಿದ್ದರೆ, ಲೀಟರು ನೀರಿಗೆ 5 ಗ್ರಾಂ ಸೌಮ್ಯವಾದ ಸಾಬೂನನ್ನು ಕರಗಿಸಿಯಾಗಲಿ, 50 ಗ್ರಾಂ ಬೇವಿನಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಯಿಟ್ಟು ಶೋಧಿಸಿಯಾಗಲಿ, ಹೇನಿರುವ ಕುಡಿಗಳಿಗೆ ಮಾತ್ರ, ಅರಳಿದ ಹೂವನ್ನು ಬಿಟ್ಟು, ಕತ್ತಲಾದ ಮೇಲೆ ಸಿಂಪಡಿಸುವುದು. ಬೆಳದಿಂಗಳಿನ ರಾತ್ರಿಗಳಲ್ಲಿ ಹೆಜ್ಜೇನು ಮೇವಿಗೆ ಹೊರಡುವುದುಂಟು. ಆ ದಿನಗಳಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು. ಗಿಡಮೂಲದ್ದೆಂಬ ಮಾತ್ರಕ್ಕೆ ತಂಬಾಕಿನ ಕಷಾಯವನ್ನು ನಂಬಬಾರದು. ಅದರ ನಿಕೋಟಿನ್ ಜೇನಿಗೂ ಮನುಷ್ಯನಿಗೂ ವಿಷವೇ. ಯೂರಿಯಾವನ್ನು ಮಿತಿಮೀರಿ ಹಾಕಿದರೆ ಚಿಗುರು ಮೆತ್ತಗಾಗಿ ಹೇನನ್ನು ಕರೆಯುವುದು. ಹಿತ್ತಿಲ ಅಂಚಿನಲ್ಲಿ ಕೊತ್ತಂಬರಿ, ಸಬ್ಬಸಿಗೆಗಳನ್ನು ಹೂವಿಗೆ ಬಿಟ್ಟಿದ್ದರೆ, ಮಿತ್ರಕೀಟಗಳು ಅಲ್ಲಿ ನೆಲೆಸುವುವು.

ಈ ವರುಷ ನೆರೆಮನೆಯವರ ನಿಂಬೆಯ ಗಿಡದಲ್ಲಿ ಕೋಲುಜೇನು ಹುಟ್ಟು ಕಟ್ಟಿದೆ. ಅಲ್ಲಿಂದ ನಮ್ಮ ಕುಂಬಳದ ಹೂವಿಗೆ ಬಂದುಹೋಗುವ ನೊಣಗಳನ್ನು ಕಂಡು ನನ್ನಾಕೆಯು ಸಂತೋಷಪಡುವಳು. ಅವರೆಯ ಎರಡು ಕುಡಿಗಳ ಮೇಲೆ ಹೇನುಗಳಿವೆ. ಗುಲಗಂಜಿಗಾಗಿ ಅವನ್ನು ಹಾಗೆಯೇ ಬಿಟ್ಟಿರುವೆನು. ದಾಳಿಂಬೆಯ ಕೊಂಬೆಯು ಇನ್ನೂ ಬರಿದಾಗಿಯೇ ಇದೆ. ಅದನ್ನು ಸವರದೆ, ಹಳೆಯ ಹುಟ್ಟಿದ್ದ ಎಡೆಯನ್ನು ಮುಟ್ಟದೆ ಕಾದಿರುವೆವು.