ಆರೂಕಾಲರ ರೂಲು

ನಮ್ಮ ಬ್ಯಾಕ್ ಗೇಟ್ ದಾಟಿ, ಬೇಕರಿ ಪಕ್ಕದ ರೋಡಲ್ಲಿ ಎರಡು ನಿಮಿಷ ನಡೆದರೆ ಒಂದು ಪಾರ್ಕ್ ಸಿಗುತ್ತೆ. ಅದರ ಮೂಲೆಯಲ್ಲಿ ಬಾಸ್ಕೆಟ್‌ಬಾಲ್ ಕೋರ್ಟ್. ಕೋರ್ಟ್ ಅನ್ನೋದು ಸ್ವಲ್ಪ ದೊಡ್ಡ ಮಾತಾಯ್ತು. ಬಿರುಕು ಬಿಟ್ಟ ಸಿಮೆಂಟು, ಎರಡು ಕಂಬ, ಅದರಲ್ಲಿ ಒಂದಕ್ಕೆ ಮಾತ್ರ ರಿಂಗ್. ಇನ್ನೊಂದು ಕಂಬ ಲೇಔಟ್ ಹುಡುಗರ ಕ್ರಿಕೆಟ್ಟಿಗೆ ವಿಕೆಟ್. ಕಳೆದ ವರ್ಷ ಸೆಕೆಂಡ್ ಸೆಮ್‌ನಲ್ಲಿ ನಾವು ನಾಲ್ಕು ಜನ ಹುಡುಗಿಯರು ಅಲ್ಲಿಗೆ ಹೋಗಿದ್ದು ಕ್ಲಬ್ ಕಟ್ಟೋಕಲ್ಲ. ಕ್ಯಾಂಪಸ್ ಕೋರ್ಟ್ ಖಾಲಿಯಾಗಲಿ ಅಂತ ಕಾದು ಕಾದು ಬೇಜಾರಾಗಿ ಹೋದೆವು, ಅಷ್ಟೇ.

ಮೂರನೇ ದಿನ, ಕಾಂಪೌಂಡ್ ಮೇಲೆ ಕೂತು ನೋಡುತ್ತಿದ್ದ ಒಬ್ಬಳು ಕೇಳಿದಳು, "ಅಕ್ಕಾ, ನಾನೂ ಒಂದ್ಸಲ ಹಾಕ್ಲಾ?" ಎಂಟನೇ ಕ್ಲಾಸು. ಮೈಮೇಲೆ ಇನ್ನೂ ಯೂನಿಫಾರ್ಮು, ಕಾಲಿಗೆ ಹವಾಯಿ ಚಪ್ಪಲಿ. ಎರಡೂ ಕೈಯಿಂದ ಎದೆಮಟ್ಟದಿಂದ ಬಾಲನ್ನ ತಳ್ಳಿದಳು. ರಿಂಗಿನ ಹತ್ತಿರಕ್ಕೂ ಹೋಗಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಮತ್ತೆ ಹಾಕಿದಳು, ಮತ್ತೆ, ಮತ್ತೆ. ಹನ್ನೊಂದನೇ ಸಲಕ್ಕೋ ಹನ್ನೆರಡನೇ ಸಲಕ್ಕೋ ಬಿತ್ತು. ಮರುದಿನ ತನ್ನ ತಂಗಿಯನ್ನೂ ಪಕ್ಕದ ಮನೆಯ ಇಬ್ಬರನ್ನೂ ಕರ್ಕೊಂಡು ಬಂದಳು. ನಮ್ಮ ಕ್ಲಬ್ ಶುರುವಾಗಿದ್ದು ಹೀಗೆ. ಹೆಸರಿಡೋ ವಿಷಯದಲ್ಲಿ ಇನ್ನೂ ಜಗಳ ನಡೀತಿದೆ.

ಮೊದಲು ಗೊತ್ತಾಗಿದ್ದು ಬಾಲಿನ ತೊಂದರೆ. ನಮ್ಮ ಹತ್ತಿರ ಇದ್ದದ್ದು 7ನೇ ಸೈಜು, ಗಂಡಸರ ಆಟದ್ದು. ಹೆಂಗಸರ ಆಟಕ್ಕೆ 6ನೇ ಸೈಜು, ಸುತ್ತಳತೆಯಲ್ಲಿ ಒಂದು ಇಂಚು ಚಿಕ್ಕದು, ತೂಕವೂ ಕಡಿಮೆ. ನಾಚಿಕೆಯ ವಿಷಯ ಏನಂದ್ರೆ, ನಮ್ಮಲ್ಲೇ ಮೂವರು ಸ್ಕೂಲಿನುದ್ದಕ್ಕೂ 7ರಲ್ಲೇ ಆಡಿದ್ದೆವು, ನಮ್ಮ ಕೈಯೇ ಚಿಕ್ಕದು ಅಂದುಕೊಂಡು! ದುಡ್ಡು ಸೇರಿಸಿ ಒಂದು 6 ತಂದೆವು. ಒಂದೇ ಇಂಚು. ಆದರೆ ಆ ವಾರವೇ ಅವಳು ಒಂದು ಕೈಯಲ್ಲಿ ಶಾಟ್ ಹಾಕೋಕೆ ಕಲಿತಳು.

ಆಮೇಲೆ ಅಪ್ಪ ಅಮ್ಮಂದಿರು. ಮನೆ ಮನೆಗೆ ಹೋದೆವು. ಇಂಗ್ಲಿಷ್ ಮೀಡಿಯಂ ನಾವು, "ಆಂಟಿ, ನಿಮ್ಮ ಡಾಟರ್‌ಗೆ ಸ್ಟ್ಯಾಮಿನಾ ಬಿಲ್ಡ್ ಆಗುತ್ತೆ" ಅಂತ ಶುರು ಮಾಡಿದರೆ ಆಂಟಿ ಕಾಫಿ ತರೋಕೆ ಒಳಗೆ ಹೋಗಿಬಿಡುತ್ತಿದ್ದರು. ಕೊನೆಗೆ ಕೆಲಸಕ್ಕೆ ಬಂದಿದ್ದು ನಮ್ಮಲ್ಲೊಬ್ಬಳ ಹಳೇ ನೆನಪು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ 'ಬಿ' ಡಿವಿಷನ್ ಫೈನಲ್, ಭಾರತ ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿತು. ಅವಳು ಅಪ್ಪನ ಜೊತೆ ಹೋಗಿ ನೋಡಿದ್ದಳು. ಎರಡೇ ಪಾಯಿಂಟು ಅಂತ ಬೆರಳು ಎತ್ತಿ ತೋರಿಸಿದರೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲದ ಅಜ್ಜಿಯರೂ ಮುಂದೆ ಬಾಗಿ ಕೇಳುತ್ತಿದ್ದರು.

ಒಪ್ಪಿದರು, ಆದರೆ ಕಂಡೀಷನ್ ಹಾಕಿ. ಟ್ರ್ಯಾಕ್ ಪ್ಯಾಂಟೇ ಹಾಕಬೇಕು. ಹುಡುಗರ ಜೊತೆ ಆಡಿಸಬಾರದು. ಸಂಜೆ ಆರೂಕಾಲಿಗೆ ಬಿಟ್ಟುಬಿಡಬೇಕು. ಆರೂಕಾಲಿಗೆ ಒಂದು ಕಾರಣವೂ ಇತ್ತು. ಕೋರ್ಟಿನ ಮೂಲೆಯ ಲೈಟು ಕೆಟ್ಟಿತ್ತು, ಗೇಟಿನವರೆಗೂ ಕತ್ತಲೆ. ನಾವು ಎಲ್ಲದಕ್ಕೂ ಹೂಂ ಅಂದೆವು. ವಾಟ್ಸಾಪ್ ಗ್ರೂಪಿನ ಡಿಸ್ಕ್ರಿಪ್ಶನ್ನಲ್ಲಿ ನಾವೇ ಟೈಪ್ ಮಾಡಿದೆವು: 5ರಿಂದ 6:15.

ಈ ಸೆಮ್ ಶುರುವಿನಲ್ಲಿ, ಮಕ್ಕಳಿಗೆ ಹೇಳೋಕೆ ಅಂತ ನಮ್ಮಲ್ಲೊಬ್ಬಳು ಆಟದ ಕತೆ ಓದಿಕೊಂಡು ಬಂದಳು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನ ಜಿಮ್ಮಿನ ಬಾಲ್ಕನಿ ಕಂಬಿಗೆ ಹೊಡೆಸಿದ. ಆ ಕಂಬಿ ಇದ್ದದ್ದು 10 ಅಡಿ ಎತ್ತರದಲ್ಲಿ. ಇವತ್ತಿಗೂ ದೊಡ್ಡವರ ಆಟದಲ್ಲಿ ರಿಂಗಿನ ಅಧಿಕೃತ ಎತ್ತರ 10 ಅಡಿ, ಅಂದರೆ 3.05 ಮೀಟರ್. ನಮ್ಮ ಪಾರ್ಕಿಂದೂ ಅಷ್ಟೇ. ಬಾಲ್ಕನಿ ಒಂಬತ್ತಡಿ ಇದ್ದಿದ್ದರೆ ನಮ್ಮ ಐದನೇ ಕ್ಲಾಸಿನವರಿಗೆ ಎಷ್ಟು ಅನುಕೂಲ ಆಗ್ತಿತ್ತು!

ಸ್ಪ್ರಿಂಗ್‌ಫೀಲ್ಡಿಗೆ ಹತ್ತಿರದಲ್ಲೇ ಸ್ಮಿತ್ ಕಾಲೇಜು, ಹುಡುಗಿಯರದ್ದು. ಅಲ್ಲಿ ಸೆಂಡಾ ಬೆರೆನ್ಸನ್ ಅನ್ನೋ ಟೀಚರ್ ಈ ಆಟವನ್ನ ಹುಡುಗಿಯರಿಗೆ ಕಲಿಸಿದರು. 1893ರ ಮಾರ್ಚಿನಲ್ಲಿ ಮೊದಲ ಮ್ಯಾಚು, ಫರ್ಸ್ಟ್ ಇಯರ್ ಮತ್ತು ಸೆಕೆಂಡ್ ಇಯರ್ ನಡುವೆ. ಗಂಡಸರಿಗೆ ಒಳಗೆ ಪ್ರವೇಶ ಇಲ್ಲ. ಹೆಂಗಸರು ಜಾಸ್ತಿ ಓಡಿದರೆ ಮೈಗೆ ಒಳ್ಳೇದಲ್ಲ ಅಂತ ಜನ ನಂಬಿದ್ದ ಕಾಲ. ಹಾಗಾಗಿ ಬೆರೆನ್ಸನ್ ಕೋರ್ಟನ್ನ ಮೂರು ಭಾಗ ಮಾಡಿ ಗೆರೆ ಎಳೆದರು. ಅವರವರ ಭಾಗದಲ್ಲೇ ಆಡಬೇಕು, ಬೇರೆಯವರ ಕೈಯಿಂದ ಬಾಲ್ ಕಿತ್ತುಕೊಳ್ಳುವ ಹಾಗಿಲ್ಲ. ಅವರ ಮೇಲೆ ನಮಗೇನೂ ಕೋಪ ಬರಲಿಲ್ಲ. ಗೆರೆ ಎಳೆಯದಿದ್ದರೆ ಆಡೋಕೇ ಬಿಡ್ತಿರಲಿಲ್ಲವೇನೋ. ಆದರೆ ಗೆರೆ ಅಳಿಸೋಕೆ ಎಷ್ಟು ಕಾಲ ಬೇಕಾಯ್ತು ನೋಡಿ: ಮೂರು ಭಾಗ ಎರಡಾಯ್ತು, ಆದರೂ ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರು ನಡುಗೆರೆ ದಾಟದ ಆಟ ಆಡುತ್ತಿದ್ದರು. ಮೂವರು ಬರೀ ಡಿಫೆನ್ಸು, ಮೂವರು ಬರೀ ಶೂಟಿಂಗು. ಸ್ಟೇಡಿಯಂ ತುಂಬ ಜನ ಬರುತ್ತಿದ್ದರು, ಅದೂ ನಿಜ. ಅಷ್ಟು ಹೊತ್ತಿಗೆ ಗೆರೆ ಯಾಕೆ ಬಂತು ಅನ್ನೋದು ಯಾರಿಗೆ ಬೇಕಿತ್ತು?

ಕತೆ ಕೇಳಿ ನಾವು ನಕ್ಕು ಸುಮ್ಮನಾದೆವು. ಗಣೇಶನ ಹಬ್ಬದ ಹೊತ್ತಿಗೆ ಪಾರ್ಕಿನ ಲೈಟು ರಿಪೇರಿಯಾಯ್ತು. ಅದರ ಕೆಳಗಿಂದಲೇ ನಾವು ದಿನಾ ಆರೂಕಾಲಿಗೆ ಬಾಲ್ ಎತ್ತಿಕೊಂಡು ಹೊರಡುತ್ತಿದ್ದೆವು. ಹೊಸದಾಗಿ ಸೇರಿದ ಒಬ್ಬ ಹುಡುಗಿಯ ಅಮ್ಮ, "ನಿಮ್ಮ ಕ್ಲಬ್ಬಿನ ರೂಲು ಚೆನ್ನಾಗಿದೆ ಕಣ್ರಮ್ಮ" ಅಂದಾಗ ನಮಗೆ ಹೆಮ್ಮೆಯೇ ಆಯ್ತು.

ಮೊದಲ ದಿನ ಚಪ್ಪಲಿ ಬಿಚ್ಚಿಟ್ಟು ಆಡಿದವಳು ಈಗ ಒಂಬತ್ತನೇ ಕ್ಲಾಸು. ಜೂನಿನಿಂದ ಟ್ಯೂಷನ್. ಮುಗಿಯೋದು ಐದೂಮುಕ್ಕಾಲಿಗೆ, ಸೈಕಲ್ ತುಳಿದು ಪಾರ್ಕಿಗೆ ಬರೋದು ಆರಕ್ಕೆ. ಎರಡು ವಾರ ಹದಿನೈದು ನಿಮಿಷದ ಆಟಕ್ಕೇ ಬಂದಳು. ಆಮೇಲೆ ಬರಲಿಲ್ಲ. ಓದಿನ ಕಡೆ ಗಮನ ಇರಬೇಕು ಅಂದುಕೊಂಡೆವು. ಯಾರೂ ಹೋಗಿ ಕೇಳಲಿಲ್ಲ. ದಸರಾ ರಜೆ ಕಳೆದ ಮೇಲೆ ಬೇಕರಿ ಹತ್ತಿರ ಸಿಕ್ಕಳು.

"ಲೈಟ್ ಬಂತಲ್ಲ ಅಕ್ಕ. ಆರೂಕಾಲಂತ ರೂಲ್ ಮಾಡಿದ್ದು ಯಾರು?"

"ನಿಮ್ಮ ಮನೆಯವರೇ ಕಣೇ," ಅಂದೆವು.

"ಗ್ರೂಪಲ್ಲಿ ನಿಮ್ಮ ಹೆಸರಿದೆ," ಅಂದಳು.

ಕಳೆದ ಭಾನುವಾರ ಮತ್ತೆ ಮನೆ ಮನೆಗೆ ಹೋದೆವು, ಏಳು ಗಂಟೆ ಮಾಡೋಣ ಅಂತ. (ನಮ್ಮ ಹಾಸ್ಟೆಲ್ ಗೇಟು ಏಳೂವರೆಗೆ ಹಾಕುತ್ತಾರೆ. ಅದರ ಬಗ್ಗೆ ಇನ್ನೊಂದು ಲೇಖನ ಬೇಕು.) ಹನ್ನೊಂದು ಮನೆಯಲ್ಲಿ ಆರು ಮನೆಯವರು ಸರಿ ಅಂದರು. ಮೂವರು ಯೋಚನೆ ಮಾಡ್ತೀವಿ ಅಂದರು. ಇಬ್ಬರು, ಹಾಗಾದ್ರೆ ನಮ್ಮವಳು ಬರಲ್ಲ ಅಂದರು. ಅದರಲ್ಲಿ ಒಬ್ಬರು ರೂಲು ಚೆನ್ನಾಗಿದೆ ಅಂದಿದ್ದ ಆಂಟಿ. ಅವರ ಮಗಳು ಅವರ ಹಿಂದೆಯೇ ನಿಂತಿದ್ದಳು. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಅವಳ ಮನೆ ಕೊನೆಗೆ ಇಟ್ಟುಕೊಂಡಿದ್ದೆವು. ಅವಳಪ್ಪ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು. "ಏಳಕ್ಕೆ ನಾನೇ ಬಂದು ಕರ್ಕೊಂಡು ಬರ್ತೀನಮ್ಮ. ಅವಳನ್ನೇ ಕೇಳಿ, ಬರ್ತಾಳಾ ಅಂತ." ಅವಳು ಒಳಗಿನಿಂದ ಪೆನ್ನು ಹಿಡಿದುಕೊಂಡೇ ಬಂದಳು.

"ಮಂಗಳವಾರ ಟೆಸ್ಟ್ ಇದೆ, ಬುಧವಾರ ಬರ್ತೀನಿ," ಅಂದಳು. "ಆ 6ನೇ ಸೈಜಿನ ಬಾಲಿಗೆ ಗಾಳಿ ಕಮ್ಮಿಯಾಗಿದೆ ಅಕ್ಕ. ಹೋಗ್ತಾ ಬರ್ತಾ ನೋಡ್ತಿರ್ತೀನಿ, ಪುಟಿಯೋದೇ ಇಲ್ಲ. ಅಷ್ಟರೊಳಗೆ ಹೊಡೆಸಿಡಿ."