ಜಂಬಿಟ್ಟಿಗೆಯ ಗೋಡೆಯೂ ಕಿಟ್ಟೆಲ್ ಕೋಶವೂ

ಕಾರ್ಕಳದ ಸಮೀಪದ ಒಂದು ಹಳೆಯ ಮನೆ. ಆಟಿ ತಿಂಗಳ ಮಳೆಯ ರಾತ್ರಿಯಲ್ಲಿ ಪುಸ್ತಕದ ಹಲಗೆಯೊಂದು ಗೋಡೆಯಿಂದ ಕಿತ್ತು ಬಿದ್ದಿತು. ಅದರ ಮೇಲಿದ್ದುದು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ನಿಘಂಟು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಗ್ರಂಥ. ಮನೆಯ ಯಜಮಾನರಾದ ನಿವೃತ್ತ ಅಧ್ಯಾಪಕರ ತಂದೆ ಅದರ ಅಂಚುಗಳಲ್ಲಿ ಹಲವು ವರ್ಷಗಳ ಕಾಲ ತುಳು ಸಮಾನಪದಗಳನ್ನು ಮಸಿಯಲ್ಲಿ ಬರೆದಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಕೋಶದ ಬೆನ್ನು ಮುರಿದಿತ್ತು. ಬಿಡಿಯಾಗಿ ಚದುರಿದ ಹಾಳೆಗಳಲ್ಲಿ ಕೆಲವು ಕಿಟಕಿಯ ಇರಚಲಿಗೆ ಸಿಕ್ಕಿ, ತಂದೆಯ ಅಕ್ಷರ ನೀಲಿ ಕಲೆಯಾಗಿತ್ತು.

ಹಲಗೆ ದುರ್ಬಲವಾಗಿರಲಿಲ್ಲ, ಸ್ಕ್ರೂಗಳೂ ತುಂಡಾಗಿರಲಿಲ್ಲ. ಅವು ಪ್ಲಾಸ್ಟಿಕ್ ಪ್ಲಗ್ಗಿನ ಸಮೇತ ಹೊರಬಂದಿದ್ದವು. ಈ ಪ್ಲಗ್ಗಿನ ಮೂಲರೂಪವನ್ನು ಸುಮಾರು 1910ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಕಂಡುಹಿಡಿದನು. ಅವನ ಹೆಸರು ನಮ್ಮ ಮೇಸ್ತ್ರಿಗಳ ಬಾಯಲ್ಲಿ 'ರಾಯಲ್ ಪ್ಲಗ್' ಆಗಿರುವುದು ಶಬ್ದವಿಕಾರವನ್ನು ಅಭ್ಯಸಿಸುವವರಿಗೆ ಒಳ್ಳೆಯ ಉದಾಹರಣೆ. ಸ್ಕ್ರೂ ಒಳನುಗ್ಗಿದಂತೆ ಪ್ಲಗ್ ಅರಳಿ ರಂಧ್ರದ ಗೋಡೆಯನ್ನು ಒತ್ತುತ್ತದೆ. ಹಿಡಿತವೆಂಬುದು ಆ ಒತ್ತಡದಿಂದ ಹುಟ್ಟುವ ಘರ್ಷಣೆ ಮಾತ್ರ. ಒತ್ತಲು ಕಲ್ಲೇ ಇಲ್ಲದ ಕಡೆ ಪ್ಲಗ್ ಅರಳಿಯೂ ವ್ಯರ್ಥ.

ಆ ಗೋಡೆ ಜಂಬಿಟ್ಟಿಗೆಯದು, ಕರಾವಳಿಯವರು ಮುರಕಲ್ಲು ಎನ್ನುವ ಕೆಂಪು ಕಲ್ಲಿನದು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರಂ ಬಳಿ ಕಂಡ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಕನ್ನಡದ ಹೆಸರಿನಲ್ಲಿಯೂ ಇಟ್ಟಿಗೆ ಅಡಗಿ ಕುಳಿತಿದೆ. ಕಣಿಯಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನೊಳಗೆ ಹುಳು ಕೊರೆದಂತಹ ನಾಳಗಳು. ಅವುಗಳಲ್ಲಿ ಕೆಲವು ಬರಿದು, ಕೆಲವು ಜೇಡಿಯಿಂದ ತುಂಬಿದವು. ಮೇಲೆ ಗಾರೆ ಬಳಿದ ಬಳಿಕ ಎಲ್ಲವೂ ಒಂದೇ ನುಣುಪು.

ಹಳಬರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಗೋಡೆ ಏಳುವಾಗಲೇ ಗೂಡು ಬಿಡುತ್ತಿದ್ದರು, ಗಿಳಿಗೂಟವನ್ನು ಕಲ್ಲುಗಳ ನಡುವೆ ಸೇರಿಸಿಯೇ ಕಟ್ಟುತ್ತಿದ್ದರು. ವಾತ್ಸ್ಯಾಯನನ ನಾಗರಕನ ಕೊಠಡಿಯಲ್ಲಿ ವೀಣೆ ತೂಗುವ ನಾಗದಂತವೂ ಇಂತಹ ಗೂಟವೇ. ಮುಗಿದ ಗೋಡೆಗೆ ಆಮೇಲೆ ಹೊರೆ ಹೊರಿಸುವ ಆಸೆಯೇ ಈಚಿನದೇನೋ!

ಮರುವಾರ ಬಂದ ವೃದ್ಧ ಮೇಸ್ತ್ರಿ ಬೆರಳಗಂಟಿನಿಂದ ಗೋಡೆಯುದ್ದಕ್ಕೂ ತಟ್ಟುತ್ತ ಹೋದರು. "ಗಾರೆ ಬಿಟ್ಟುಕೊಂಡದ್ದು ತಟ್ಟಿದರೆ ಗೊತ್ತಾಗ್ತದೆ ಮಾಸ್ಟ್ರೇ. ಕಲ್ಲಿನೊಳಗಿನ ಪೊಳ್ಳು ಕೊರೆದರೇ ಗೊತ್ತಾಗುವುದು" ಎಂದರು. ಡ್ರಿಲ್ಲಿನ ಬಡಿತವನ್ನು ನಿಲ್ಲಿಸಿ, ಬರಿಯ ತಿರುಗುವಿಕೆಯಿಂದ ನಿಧಾನವಾಗಿ ಕೊರೆಸಿದರು. ಬಡಿದರೆ ನಾಳದ ತೆಳುವಾದ ಅಂಚು ಒಡೆದು ರಂಧ್ರ ದೊಡ್ಡದಾಗುತ್ತದೆ. ಕೆಂಪು ಹುಡಿ ಒಂದೇ ಸಮನೆ ಉದುರುತ್ತಿರುವವರೆಗೆ ಕಲ್ಲಿದೆ. ಹುಡಿ ನಿಂತು ಮೊನೆ ತಟ್ಟನೆ ಮುಂದಕ್ಕೆ ಜಾರಿದರೆ ಅಲ್ಲಿ ಪೊಳ್ಳು. ಆರರಲ್ಲಿ ಎರಡು ರಂಧ್ರಗಳು ಹಾಗೆ ಜಾರಿದವು. ಅವುಗಳಲ್ಲಿ ಜಾಲರಿಯ ಕೊಳವೆಯನ್ನಿಳಿಸಿ ಅಂಟುರಾಳವನ್ನು ತುಂಬಿದರು. ರಾಳವು ಜಾಲರಿಯಿಂದ ಹೊರಕ್ಕೆ ಒಸರಿ, ಪೊಳ್ಳಿನೊಳಗೆ ಗಂಟಾಗಿ ಗಟ್ಟಿಗೊಳ್ಳುತ್ತದೆ. ಆ ಗಂಟು ರಂಧ್ರದ ಬಾಯಿಗಿಂತ ದೊಡ್ಡದಾದುದರಿಂದ ಎಳೆದರೂ ಹೊರಬಾರದು. ರಾಳ ಆರುವ ಮುನ್ನ ಭಾರ ಹೇರಕೂಡದೆಂದು ಮೇಸ್ತ್ರಿ ಎರಡು ಬಾರಿ ಎಚ್ಚರಿಸಿದರು.

ಬ್ರಾಕೆಟ್‌ಗಳನ್ನು ನೇರವಾಗಿ ಗೋಡೆಗೆ ಕೂರಿಸಲಿಲ್ಲ. ಮೊದಲು ಉದ್ದನೆಯ ಮರದ ರೀಪನ್ನು ಆರೂ ಕಡೆ ಬಿಗಿದು, ಬ್ರಾಕೆಟ್‌ಗಳನ್ನು ರೀಪಿಗೆ ಹೊಡೆದರು. ಒಂದು ರಂಧ್ರ ಸೋತರೂ ಉಳಿದವು ಹೊರೆಯನ್ನು ಹಂಚಿಕೊಳ್ಳಬೇಕು. ಹಲಗೆಯ ಅಗಲವನ್ನು 12 ಅಂಗುಲದಿಂದ 8ಕ್ಕೆ ಇಳಿಸಿದರು. ಭಾರ ಗೋಡೆಯಿಂದ ದೂರವಾದಷ್ಟೂ ಅದು ಸನ್ನೆಗೋಲಿನಂತೆ ಮೇಲಿನ ಸ್ಕ್ರೂವನ್ನು ಹೊರಕ್ಕೆ ಕೀಳುತ್ತದೆ.

"ಅಪ್ಪ ಇದನ್ನು ಎಲ್ಲಿ ಇಡ್ತಿದ್ರು?" ಎಂದು ಮೇಸ್ತ್ರಿ ಕೋಶವನ್ನು ತೋರಿಸಿ ಕೇಳಿದರು. ಅಧ್ಯಾಪಕರು ಮಾತಾಡದೆ ಮೂಲೆಯ ಗೂಡಿನತ್ತ ನೋಡಿದರು. ಅಲ್ಲೀಗ ಕರೆಂಟಿನ ಬಿಲ್ಲುಗಳೂ ಔಷಧದ ಡಬ್ಬಿಗಳೂ ತುಂಬಿದ್ದವು.

ಹೊಸ ಹಲಗೆಯ ಮೇಲೆ ಈಗ ಕವನ ಸಂಕಲನಗಳೂ ಹಳೆಯ ಪತ್ರಿಕೆಗಳೂ ಇವೆ. ಬೈಂಡು ಮಾಡಿಸಿ ತಂದ ಕಿಟ್ಟೆಲ್ ಕೋಶ ಗೂಡಿನಲ್ಲಿ ಅಡ್ಡ ಮಲಗಿದೆ. ಮಸಿ ಹರಡಿದ ಹನ್ನೊಂದು ಹಾಳೆಗಳ ಪದಗಳನ್ನು ಊರಿನ ಮುದುಕಿಯರಲ್ಲಿ ಕೇಳಿ ಮತ್ತೆ ತುಂಬಿಸುವ ಕೆಲಸ ನಡೆದಿದೆ. ಮೂರು ಹಾಳೆಗಳು ಮುಗಿದಿವೆ.